ಹಳೆಯ ಜಿಪ್ಸಿಗೆ ಟರ್ಬೊ ಡೀಸೆಲ್ ಎಂಜಿನ್ ಕೂರಿಸಬಹುದೇ?

ಮಾರುತಿ ಜಿಪ್ಸಿಗೆ ಸ್ವಿಫ್ಟ್‌ನ 1.3 ಲೀಟರ್ ಟರ್ಬೊ ಡೀಸೆಲ್ ಎಂಜಿನ್ ಹೊಂದುತ್ತದೆಯೇ ಎಂದು ಕೇಳಿದ್ದೀರಿ. ಹೊಂದಿಸಬಹುದು, ಆದರೆ ಎಂಜಿನ್ ಕೂರಿಸುವುದು ಕೆಲಸದ ಅರ್ಧಭಾಗವೂ ಅಲ್ಲ. ಸ್ವಿಫ್ಟ್‌ನಲ್ಲಿ ಅದು ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುವುದರಿಂದ, ಎಂಜಿನ್ ಉದ್ದುದ್ದಕ್ಕೆ ಕೂರುವ ಜಿಪ್ಸಿಯಲ್ಲಿ ಅದರ ಗೇರ್‌ಬಾಕ್ಸ್ ನಿರುಪಯುಕ್ತ. ಜಿಪ್ಸಿಯ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುವುದಾದರೆ ಅದನ್ನು ಹೊಸ ಎಂಜಿನ್ನಿಗೆ ಜೋಡಿಸುವ ಅಡಾಪ್ಟರ್ ತಟ್ಟೆಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಮಾಡಿಸಬೇಕು, ಇಲ್ಲವಾದರೆ ಕ್ಲಚ್ಚೂ ಗೇರ್‌ಬಾಕ್ಸಿನೊಳಕ್ಕೆ ಶಕ್ತಿ ಒಯ್ಯುವ ಇನ್‌ಪುಟ್ ಶಾಫ್ಟಿನ ಬೇರಿಂಗೂ ಬೇಗ ಹಾಳಾಗುತ್ತವೆ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಗೇರ್ ಅನುಪಾತದ್ದು, ಅಂದರೆ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬುದರದ್ದು. ಜಿಪ್ಸಿಯ 1.3 ಲೀಟರ್ ಪೆಟ್ರೋಲ್ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಸುಮಾರು 103 ನ್ಯೂಟನ್ ಮೀಟರ್, ಡೀಸೆಲ್ಲಿನದು 190. ಆದರೆ ಮೊದಲನೆಯದು ನಿಮಿಷಕ್ಕೆ 6000 ಸುತ್ತುಗಳಲ್ಲಿ ಗರಿಷ್ಠ ಶಕ್ತಿ ಕೊಟ್ಟರೆ ಎರಡನೆಯದರ ಆಟ 4000ಕ್ಕೇ ಮುಗಿಯುತ್ತದೆ. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಮಾಮೂಲಿ ಓಟದ ಹೈ ರೇಂಜಿನಲ್ಲಿಯೂ ವೇಗವನ್ನು ತಗ್ಗಿಸುವುದರಿಂದ, ಅನುಪಾತ ಬದಲಿಸದಿದ್ದರೆ ಕಾಡುದಾರಿಯಲ್ಲಿ ಸೊಗಸಾಗಿ ಏರುವ ಗಾಡಿ ಹೆದ್ದಾರಿಯಲ್ಲಿ ಸದಾ ಕಿರುಚುತ್ತಿರುತ್ತದೆ.

ಬ್ರೇಕ್ ಒತ್ತುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರನ್ನು ಡೀಸೆಲ್ ಎಂಜಿನ್ನಿನ ವ್ಯಾಕ್ಯೂಮ್ (ನಿರ್ವಾತ) ಪಂಪಿಗೆ ಜೋಡಿಸಲು ಮರೆಯಬೇಡಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್, ಕೀಲಿ ಮೂರೂ ಒಂದೇ ಕಾರಿನವಾಗಿರಲಿ. ಇಂಧನ ಬದಲಾದರೆ ನೋಂದಣಿ ಪತ್ರದ ವಿವರವೂ ಬದಲಾಗಬೇಕಾಗುವುದರಿಂದ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ಮಾರ್ಪಾಡನ್ನು ನಿಯಂತ್ರಿಸುವ 52ನೇ ಕಲಂ ಅಡ್ಡಬರುತ್ತದೆ. ಎಂಜಿನ್ ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.