ರಾಜರ ಕ್ರೌರ್ಯದ ಕಥೆಗಳೇ ಇವತ್ತಿನ ಜಗಳಕ್ಕೆ ಕಾರಣವೇ? ಕೊಡಗಿನವನ ಉತ್ತರ

ಇನ್ನೂರು ವರ್ಷದ ಹಿಂದಿನ ರಾಜರ ದೌರ್ಜನ್ಯದ ಬಗ್ಗೆ ಮನೆಗಳಲ್ಲಿ ಹೇಳಿಕೊಂಡು ಬಂದ ಕಥೆಗಳೇ ಇವತ್ತಿನ ಕೋಮು ಜಗಳಕ್ಕೆ ಕಾರಣವಾ, ಅಂಥ ಕಥೆ ಹೇಳುವುದನ್ನೇ ನಿಲ್ಲಿಸಿಬಿಡಬೇಕಾ ಅಂತ ಕೇಳಿದ್ದೀರಿ.

ನಾನು ಮಡಿಕೇರಿ ಹತ್ತಿರದ ಹಳ್ಳಿಯಲ್ಲಿ ಬೆಳೆದವನು. ಕಥೆಯೊಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಯಾಕೆಂದರೆ ನಮ್ಮ ಕಡೆ ಇಬ್ಬರು ರಾಜರ ಕ್ರೌರ್ಯದ ಕಥೆಗಳಿವೆ. ಒಬ್ಬನ ಹೆಸರೆತ್ತಿದರೆ ಇವತ್ತೂ ಊರು ಬಂದ್ ಆಗುತ್ತದೆ. ಇನ್ನೊಬ್ಬನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಮೊದಲನೆಯವನು ಟಿಪ್ಪು. ಹೈದರನ ಕಾಲದಿಂದಲೂ ಕೊಡಗಿನ ಜನ ಮೈಸೂರಿನ ವಿರುದ್ಧ ಮತ್ತೆ ಮತ್ತೆ ದಂಗೆ ಎದ್ದರು. 1785ರಲ್ಲಿ ಟಿಪ್ಪು ತಾನೇ ದಂಡು ತಂದ. ಗಂಡಸರು, ಹೆಂಗಸರು, ಮಕ್ಕಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟೋ ಜನರನ್ನು ಮತಾಂತರ ಮಾಡಿದ. ಭಾಗಮಂಡಲದ ಹತ್ತಿರ ದೇವಟ್ಟಿಪರಂಬು ಅಂತ ಒಂದು ಜಾಗವಿದೆ. ಮಾತುಕತೆಗೆಂದು ಕರೆದು, ಆಯುಧವಿಲ್ಲದೆ ಬಂದವರನ್ನು ಅಲ್ಲಿ ಸುತ್ತುವರಿದರು ಅಂತ ಹಿರಿಯರು ಹೇಳುತ್ತಾರೆ. ಕೊಡವರ ಮನೆಗಳಲ್ಲಿ ನಾಯಿಗೆ ಟಿಪ್ಪು ಅಂತ ಹೆಸರಿಡುವುದನ್ನು ನೀವೂ ಕೇಳಿರಬಹುದು. ಆ ಸಿಟ್ಟು ಪುಸ್ತಕ ಓದಿ ಬಂದದ್ದಲ್ಲ.

ಸೆರೆಯಾದವರ ಸಂಖ್ಯೆಯ ಬಗ್ಗೆ ಜಗಳ ಇದ್ದೇ ಇದೆ. ಟಿಪ್ಪುವಿನದೇ ಪತ್ರವೊಂದರಲ್ಲಿ 40,000 ಅಂತಿದೆ. ಅವನ ಕಡೆಯ ಚರಿತ್ರೆಕಾರ ಕಿರ್ಮಾನಿ 80,000 ಅನ್ನುತ್ತಾನೆ. 1871ರ ಜನಗಣತಿಯಲ್ಲೂ ಇಡೀ ಕೊಡಗಿನಲ್ಲಿ ಇದ್ದದ್ದು ಸುಮಾರು 1.68 ಲಕ್ಷ ಜನ, ಕೊಡವರು ಅದರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ದೊಡ್ಡ ಸಂಖ್ಯೆಯನ್ನು ನಂಬುವುದು ನನಗೆ ಕಷ್ಟ. ಆದರೆ ಸಂಖ್ಯೆ ಉಬ್ಬಿದೆ ಅಂತ ಘಟನೆಯೇ ಸುಳ್ಳಾಗುವುದಿಲ್ಲ ಅಲ್ವಾ? "ಇದೆಲ್ಲ ಬ್ರಿಟಿಷರು ಕಟ್ಟಿದ ಕಥೆ" ಅಂತ ಬೆಂಗಳೂರಿನಲ್ಲಿ ಕೂತು ಭಾಷಣ ಮಾಡುವವರು ಇಲ್ಲಿನ ಗಾಯವನ್ನು ಇನ್ನೂ ಕೆರೆಯುತ್ತಾರೆ ಅಷ್ಟೇ.

ಎರಡನೆಯವನು ಚಿಕ್ಕವೀರರಾಜ. ಹಾಲೇರಿ ಮನೆತನದ ಕೊನೆಯ ಅರಸ, 1820ರಿಂದ 1834ರವರೆಗೆ ಆಳಿದವನು. ಸ್ವಂತ ರಕ್ತಸಂಬಂಧಿಗಳನ್ನೇ ಕೊಲ್ಲಿಸಿದವನು. ಬ್ರಿಟಿಷರು ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು, ಕೊನೆಗೆ ಅವನು ಸತ್ತದ್ದು ಲಂಡನ್ನಿನಲ್ಲಿ. ನಮ್ಮಜ್ಜಿ ಈ ಎರಡೂ ಕಥೆ ಹೇಳುತ್ತಿದ್ದರು, ಅದೂ ಒಂದೇ ಧಾಟಿಯಲ್ಲಿ. ಮಕ್ಕಳಾಗಿದ್ದ ನಮಗೆ ಜಾಸ್ತಿ ಭಯ ಆಗುತ್ತಿದ್ದದ್ದು ಚಿಕ್ಕವೀರರಾಜನ ಕಥೆಗೆ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯ ಕತ್ತಲೆ ಕೋಣೆಗಳನ್ನು ನೋಡಿ ಬಂದರಂತೂ ರಾತ್ರಿ ನಿದ್ದೆ ಇಲ್ಲ.

ಹಾಲೇರಿ ಅರಸರು ಲಿಂಗಾಯತರು. ಹಾಗಂತ ಲಿಂಗಾಯತರ ಅಂಗಡಿ ಮುಂದೆ ನಿಂತು "ನಿಮ್ಮ ರಾಜ ಏನು ಮಾಡಿದ ಗೊತ್ತಾ" ಅಂತ ಯಾರಾದರೂ ಕೇಳಿದ್ದನ್ನು ನಾನು ನೋಡಿಲ್ಲ. ಅಷ್ಟೇ ಯಾಕೆ, ಅವನನ್ನು ಇಳಿಸಿದ ಮೂರೇ ವರ್ಷಕ್ಕೆ, 1837ರಲ್ಲಿ, ಅಮರ ಸುಳ್ಯದ ರೈತರು ಬ್ರಿಟಿಷರ ವಿರುದ್ಧ ದಂಗೆ ಎದ್ದಾಗ ಅವರ ಮುಂದಾಳಾಗಿ ನಿಂತದ್ದು "ನಾನು ಹಾಲೇರಿ ವಂಶದ ಕಲ್ಯಾಣಸ್ವಾಮಿ" ಅಂತ ಹೇಳಿಕೊಂಡವನು! ಬಂಗಾಳದಲ್ಲೂ ಹೀಗೇ. 1740ರ ದಶಕದಲ್ಲಿ ಮರಾಠಾ ಸವಾರರು ಅಲ್ಲಿ ಮಾಡಿದ ಲೂಟಿ, ಕೊಲೆ ಜೋಗುಳದಲ್ಲಿ ಉಳಿದುಕೊಂಡಿದೆ. ಆದರೆ ಕೋಲ್ಕತ್ತದಲ್ಲಿ ಆ ನೆಪದಲ್ಲಿ ಮರಾಠಿಗರ ಮೇಲೆ ಯಾರೂ ಕೈ ಮಾಡುವುದಿಲ್ಲ.

ಅಂದರೆ ನೆನಪು ತಾನಾಗಿಯೇ ಬೆಂಕಿ ಹಚ್ಚುವುದಿಲ್ಲ. ಈಗಿನ ಯಾವುದೋ ಜಗಳಕ್ಕೆ ಹಳೆಯ ಕಥೆ ಬೇಕಾದಾಗ ಅದನ್ನು ಅಟ್ಟದಿಂದ ಇಳಿಸುತ್ತಾರೆ. 2015ರಲ್ಲಿ ನಡೆದದ್ದನ್ನೇ ನೋಡಿ. ಸರ್ಕಾರ ಮೊದಲ ಸಲ ಟಿಪ್ಪು ಜಯಂತಿಯನ್ನು ನವೆಂಬರ್ 10ಕ್ಕೆ ಇಟ್ಟಿತು. ಆ ವರ್ಷ ಅದೇ ದಿನ ನರಕ ಚತುರ್ದಶಿ. ಟಿಪ್ಪು ತಮ್ಮವರನ್ನು ಕೊಲ್ಲಿಸಿದ ದಿನ ಅಂತ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ದೀಪಾವಳಿ ಬಿಟ್ಟು ಶೋಕ ಆಚರಿಸುವ ದಿನ! ಮಡಿಕೇರಿಯಲ್ಲಿ ವಿರೋಧಿಸುವವರು ಒಂದು ಕಡೆ, ಆಚರಿಸುವವರು ಒಂದು ಕಡೆ ಸೇರಿದರು. ಕಲ್ಲು ತೂರಾಟವಾಯಿತು. ಆ ಗಲಾಟೆಯಲ್ಲಿ ಹಿಂದೂಗಳ ಮನೆಯಲ್ಲೂ ಸಾವಾಯಿತು, ಮುಸ್ಲಿಮರ ಮನೆಯಲ್ಲೂ ಸಾವಾಯಿತು. ನಾಲ್ಕು ವರ್ಷದ ಮೇಲೆ ಬೇರೆ ಸರ್ಕಾರ ಬಂದು ಜಯಂತಿ ರದ್ದು ಮಾಡಿತು. ಸತ್ತವರು ವಾಪಸ್ ಬರಲಿಲ್ಲ.

ನನಗೆ ತುಂಬಾ ಸಂಕಟ ಆಗುವುದು ಇನ್ನೊಂದು ವಿಷಯಕ್ಕೆ. ಕೊಡಗಿನಲ್ಲಿ ಜಮ್ಮಾ ಮಾಪಿಳ್ಳೆಗಳು ಅಂತ ಇದ್ದಾರೆ. ಮುಸ್ಲಿಮರು, ಆದರೆ ಮಾತು ಕೊಡವ ತಕ್ಕ್, ಮನೆತನದ ಹೆಸರೂ ಕೊಡವ ಒಕ್ಕದ್ದು. ಟಿಪ್ಪು ಹಿಡಿದುಕೊಂಡು ಹೋಗಿ ಮತಾಂತರ ಮಾಡಿದವರಲ್ಲಿ ಊರಿಗೆ ತಪ್ಪಿಸಿಕೊಂಡು ಬಂದವರ ಸಂತತಿ ಇವರು ಅಂತ ಹೇಳುತ್ತಾರೆ. ಅಂದರೆ ಆ ದೌರ್ಜನ್ಯ ಅನುಭವಿಸಿದವರ ಮೊಮ್ಮಕ್ಕಳ ಮಕ್ಕಳು. ಮೆರವಣಿಗೆಯಲ್ಲಿ "ಟಿಪ್ಪು ಸಂತಾನ" ಅಂತ ಕೂಗಿದಾಗ ಆ ಕೂಗು ಹೋಗಿ ತಗಲುವುದು ಇವರಿಗೂ. ದೇವಟ್ಟಿಪರಂಬಿನ ಕಥೆ ಹೇಳಿ ಇವರ ಕಥೆ ಬಿಟ್ಟರೆ ಅದು ಅರ್ಧ ಕಥೆ. ರಾಜಕೀಯಕ್ಕೆ ಬೇಕಾಗಿರುವುದು ಆ ಅರ್ಧವೇ.

ಕಥೆ ಇಲ್ಲದಿದ್ದರೆ ಹುಟ್ಟಿಸುವುದೂ ಉಂಟು. 2023ರ ಮಾರ್ಚ್‌ನಲ್ಲಿ, ಚುನಾವಣೆ ಹತ್ತಿರ ಬಂದಾಗ, ಉರಿಗೌಡ, ನಂಜೇಗೌಡ ಎಂಬಿಬ್ಬರು ಟಿಪ್ಪುವನ್ನು ಕೊಂದರು ಅಂತ ಮಂಡ್ಯದಲ್ಲಿ ಸ್ವಾಗತ ದ್ವಾರಕ್ಕೆ ಅವರ ಹೆಸರು ಹಾಕಿದರು. ಸಿನಿಮಾ ಕೂಡ ಘೋಷಣೆಯಾಯಿತು. ಕೊನೆಗೆ ಆದಿಚುಂಚನಗಿರಿಯ ಸ್ವಾಮೀಜಿ ಬೇಡ ಅಂದ ಮೇಲೆ ಅದು ನಿಂತಿತು. ಒಕ್ಕಲಿಗರು ಮತ್ತು ಮುಸ್ಲಿಮರು ಅಕ್ಕಪಕ್ಕ ಬದುಕುವ ಜಿಲ್ಲೆ ಅದು. ಆ ಕಥೆ ಯಾರಿಗೆ, ಯಾಕೆ ಬೇಕಾಗಿತ್ತು ಅಂತ ಯೋಚಿಸಿ.

ಹಾಗಾದರೆ ಹೇಳುವುದನ್ನು ನಿಲ್ಲಿಸಬೇಕಾ? ಖಂಡಿತ ಬೇಡ. ಅಜ್ಜಿ ಬಾಯಿ ಮುಚ್ಚಿಸಿದರೆ ಆ ಜಾಗಕ್ಕೆ ವಾಟ್ಸಾಪ್ ಬಂದು ಕೂರುತ್ತದೆ. ಸರ್ಕಾರಕ್ಕೆ ನಿಜವಾಗಿ ಕಾಳಜಿ ಇದ್ದರೆ ಜಯಂತಿ, ದ್ವಾರ ಎಲ್ಲ ಬಿಟ್ಟು ಒಂದು ಕೆಲಸ ಮಾಡಲಿ. ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆಗಳು, ತೋಟದ ಲೈನ್ ಮನೆಗಳ ಯರವ ಆದಿವಾಸಿಗಳು, ಎಲ್ಲರ ಮನೆಯ ಹಿರಿಯರ ಮಾತನ್ನೂ ರೆಕಾರ್ಡ್ ಮಾಡಿಸಲಿ. ಹಳೆಯ ಪತ್ರ, ದಾಖಲೆಗಳ ಪಕ್ಕದಲ್ಲೇ ಅದನ್ನು ಇಡಲಿ. ಈಗಲೇ ಆಗಬೇಕು, ಆ ತಲೆಮಾರಿನವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.