ಆವರಣದ ಹೊರಗೆ ನಿಂತ 24 ಏನನ್ನು ಹೇಳುತ್ತದೆ?

ನಿಮ್ಮ ಮಗಳು 120 + 48 = 24 × (5 + 2) ಎಂದು ಬರೆದುಕೊಂಡು ಬಂದಿದ್ದಾಳೆ, ಎರಡೂ ಬದಿ 168 ಆಗುವಾಗ ಹೀಗೆ ಸುತ್ತಿ ಬಳಸಿ ಬರೆಯುವುದರಿಂದ ಸಿಗುವುದೇನು ಎಂದು ಕೇಳಿದ್ದೀರಿ. ಮೊತ್ತವಷ್ಟೇ ಬೇಕಿದ್ದರೆ ಏನೂ ಸಿಗುವುದಿಲ್ಲ. ಹಂಚುವ ಪ್ರಸಂಗ ಬಂದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

ನಮ್ಮ ಮನೆಯ ಗೃಹಪ್ರವೇಶದ ಹಿಂದಿನ ರಾತ್ರಿ ತಾಂಬೂಲದ ಚೀಲ ತುಂಬಲು ಕುಳಿತಾಗ ನನ್ನ ಮುಂದೆ ಇದ್ದದ್ದೂ ಇವೇ ಸಂಖ್ಯೆಗಳು: 120 ವೀಳ್ಯದೆಲೆ, 48 ಅಡಿಕೆ. ಎಲ್ಲ ಚೀಲಗಳೂ ಒಂದೇ ರೀತಿ ಇರಬೇಕು, ಏನೂ ಉಳಿಯಬಾರದು ಎಂದಾದರೆ ಚೀಲಗಳ ಸಂಖ್ಯೆ ಎರಡನ್ನೂ ನಿಶ್ಶೇಷವಾಗಿ ಭಾಗಿಸಬೇಕು, ಅಂಥವುಗಳಲ್ಲಿ ಅತಿ ದೊಡ್ಡದು, ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ, 24. ಹೊರಗಿನ 24 ಚೀಲಗಳ ಲೆಕ್ಕ, ಆವರಣದೊಳಗಿನದು ಒಂದು ಚೀಲದ ಒಳಗಿರುವುದು: ಐದು ಎಲೆ, ಎರಡು ಅಡಿಕೆ. ಮಕ್ಕಳು ಹೆಚ್ಚಾಗಿ ಇದನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ. 12 × (10 + 4) ಎಂದು ಬರೆದರೂ ತಪ್ಪಿಲ್ಲ, ಆದರೆ 10 ಮತ್ತು 4ರಲ್ಲಿ ಇನ್ನೂ 2 ಸಾಮಾನ್ಯವಾಗಿ ಉಳಿದಿದೆ. ಪ್ರತಿ ಚೀಲವನ್ನೂ ಮತ್ತೆ ಎರಡಾಗಿಸಬಹುದು ಎಂದೇ ಅದರ ಅರ್ಥ.

ಅಂದು ಎರಡು ಎಲೆ ಹರಿದಿದ್ದವು. 118 ಮತ್ತು 48ರ ಮಹತ್ತಮ ಸಾಮಾನ್ಯ ಅಪವರ್ತನ ಬರೀ 2. ನಿಯಮವನ್ನು ಅಕ್ಷರಶಃ ಪಾಲಿಸಿದ್ದರೆ 59 ಎಲೆ, 24 ಅಡಿಕೆಯ ಎರಡೇ ಎರಡು ಮೂಟೆ ಕಟ್ಟಬೇಕಿತ್ತು! ಪಕ್ಕದ ಮನೆಯಿಂದ ಎರಡು ಎಲೆ ತಂದು ಲೆಕ್ಕ ಸರಿಮಾಡಿದೆವು.

ದೊಡ್ಡ ಸಂಖ್ಯೆಗಳಿಗೆ ಅಪವರ್ತನಗಳನ್ನೆಲ್ಲ ಪಟ್ಟಿ ಮಾಡುವ ಬದಲು, ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಏಳನೆಯ ಭಾಗದಲ್ಲಿ ಕೊಟ್ಟ ದಾರಿಯನ್ನು ಹಿಡಿಯುವುದು ಮೇಲು. 120ನ್ನು 48ರಿಂದ ಭಾಗಿಸಿದರೆ ಶೇಷ 24. 48ನ್ನು 24ರಿಂದ ಭಾಗಿಸಿದರೆ ಶೇಷ ಸೊನ್ನೆ. ಶೇಷ ಸೊನ್ನೆಯಾದಾಗ ಯಾವುದರಿಂದ ಭಾಗಿಸಿದೆವೋ ಅದೇ ಉತ್ತರ: 24. ಆರ್ಯಭಟನು 499ರಲ್ಲಿ ರಚಿಸಿದ 'ಆರ್ಯಭಟೀಯ'ದ ಕುಟ್ಟಕ ವಿಧಾನದಲ್ಲಿಯೂ (ಸಮೀಕರಣಗಳಿಗೆ ಪೂರ್ಣಾಂಕ ಉತ್ತರ ಹುಡುಕುವ ವಿಧಾನ) ಇಂಥದೇ ಸರಣಿ ಭಾಗಾಕಾರವಿದೆ. ಇದು ಫಲಿಸುವುದಕ್ಕೆ ಕಾರಣ ನಿಮ್ಮ ಮಗಳು ಬರೆದ ವಿಭಾಜಕ ನಿಯಮವೇ, ಅಂದರೆ ಸಾಮಾನ್ಯ ಅಪವರ್ತನವನ್ನು ಆವರಣದ ಹೊರಗೆ ತೆಗೆಯಬಹುದೆಂಬ ನಿಯಮ: ಎರಡು ಸಂಖ್ಯೆಗಳೂ 24ರ ಕಟ್ಟುಗಳಾಗಿದ್ದರೆ, ಒಂದರಿಂದ ಇನ್ನೊಂದನ್ನು ಎಷ್ಟು ಬಾರಿ ಕಳೆದರೂ ಉಳಿಯುವುದು 24ರ ಕಟ್ಟುಗಳೇ, ಏಕೆಂದರೆ 24 × 5 − 24 × 2 ಎಂದರೆ 24 × (5 − 2).