ನಲವತ್ತು ಜನರ ಜನಸಾಗರ

ಓದುಗರ ಪತ್ರ, ಉಡುಪಿಯಿಂದ: ಪಂಚಾಯತ್ ಸದಸ್ಯನೊಬ್ಬ ಶಾಸಕನಾಗಲು ಹೊರಡುವ ಕಿರುಚಿತ್ರ ಮಾಡುತ್ತಿದ್ದೇವೆ. ‘ಸಿಟಿಜನ್ ಕೇನ್’ ನೋಡಿ ನಮ್ಮ ನಾಯಕನನ್ನೂ ಉದ್ದಕ್ಕೂ ನೆಲಮಟ್ಟದಿಂದಲೇ ಚಿತ್ರಿಸಿದೆವು. ಈಗ ನೋಡಿದರೆ ಹಾಸ್ಯನಾಟಕದ ಖಳನ ಹಾಗಿದ್ದಾನೆ. ಪ್ರಚಾರ ಸಭೆಯ ದೃಶ್ಯ ಬಾಕಿ ಇದೆ. ಇರುವುದು 40 ಜನ, ಎರಡು ಫೋನು, ಒಂದು ಸ್ಟ್ಯಾಂಡು. ದಾರಿ ಹೇಳಿ.

ಸಂಪಾದಕರ ಉತ್ತರ:

ಕ್ಯಾಮೆರಾ ಕೆಳಗಿಟ್ಟರೆ ಮನುಷ್ಯ ದೊಡ್ಡವನಾಗುತ್ತಾನೆ ಎಂಬುದು ಅರ್ಧ ಮಾತ್ರ ನಿಜ. 1941ರ ಆ ಅಮೆರಿಕನ್ ಚಿತ್ರದಲ್ಲಿ ಪತ್ರಿಕೆಗಳ ಒಡೆಯ ಕೇನ್ ಚುನಾವಣೆಗೆ ನಿಲ್ಲುವ ಭಾಗವನ್ನಷ್ಟೇ ಇನ್ನೊಮ್ಮೆ ಧ್ವನಿ ಬಂದ್ ಮಾಡಿ ನೋಡಿ. ಸಭೆಯಲ್ಲಿ ಕೇನ್‌ನ ಬೆನ್ನ ಹಿಂದೆ ಅವನದೇ ಮುಖದ ದೈತ್ಯ ಪಟ. ಅದರ ಮುಂದೆ ಭಾಷಣ ಬಿಗಿಯುವ ಕೇನ್ ಹೆಬ್ಬೆರಳಿನಷ್ಟು. ಭಾಷಣ ಮುಗಿಯುವ ಹೊತ್ತಿಗೆ ಎದುರಾಳಿ ಗೆಟಿಸ್ ಮೇಲಿನ ಬಾಲ್ಕನಿಯಿಂದ ಅವನನ್ನು ನೋಡಿ, ಟೋಪಿ ಹಾಕಿಕೊಂಡು ಹೊರಟುಬಿಡುತ್ತಾನೆ. ಲಗಾಮು ಯಾರ ಕೈಯಲ್ಲಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕ್ಯಾಮೆರಾ ಪಾತಾಳಕ್ಕೆ ಇಳಿಯುವುದು ಕೇನ್ ಸೋತ ಮೇಲೆ, ಪ್ರಚಾರ ಕಚೇರಿಯಲ್ಲಿ, ಕುಡಿದು ಬಂದ ಗೆಳೆಯ ಲೀಲ್ಯಾಂಡ್ ಎದುರು. ಆ ಶಾಟ್‌ಗಾಗಿ ಸ್ಟುಡಿಯೋದ ನೆಲವನ್ನೇ ಅಗೆದಿದ್ದರು. ಕಂಬದಂಥ ಕಾಲು, ತಲೆಗೆ ತಾಗುವಂತಿರುವ ಚಾವಣಿ. ಅಷ್ಟು ದೊಡ್ಡ ಆಳು ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಹಾಗೆ. ಆಗಿನ ಸೆಟ್‌ಗಳಿಗೆ ಸಾಮಾನ್ಯವಾಗಿ ಚಾವಣಿ ಇರುತ್ತಿರಲಿಲ್ಲ. ದೀಪ, ಮೈಕು ತೂಗಲು ಆ ಜಾಗ ಬೇಕಿತ್ತು. ನಿರ್ದೇಶಕ ಆರ್ಸನ್ ವೆಲ್ಸ್, ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಮಸ್ಲಿನ್ ಬಟ್ಟೆಯ ಚಾವಣಿ ಬಿಗಿದು ಮೈಕನ್ನು ಅದರ ಮೇಲಿಟ್ಟರು.

ನಿಮ್ಮವನ ತಲೆಯ ಮೇಲೆ ಬರೀ ಬಿಳಿ ಆಕಾಶ ಇದ್ದರೆ ಕಾಣುವುದು ಮೂಗಿನ ಹೊಳ್ಳೆ ಮಾತ್ರ. ಚಾವಣಿಯ ಮರದ ಅಡ್ಡ, ಪಕ್ಕಾಸು ಕಾಣುವ ಹಂಚಿನ ಮನೆಯೊಳಗೆ ನಿಲ್ಲಿಸಿ. ಫೋನು ಮೊಣಕಾಲಿನ ಎತ್ತರದಲ್ಲಿ, ಏಳೆಂಟು ಅಡಿ ದೂರದಲ್ಲಿ, ಸ್ವಲ್ಪ ಮೇಲಕ್ಕೆ ಬಾಗಿರಲಿ. ಮಾಮೂಲಿ ಲೆನ್ಸ್ ಸಾಕು. ಫೋನಿನ 0.5ರ (ಅತಿ ಅಗಲ ನೋಟದ) ಲೆನ್ಸ್‌ನಲ್ಲಿ ಅಂಚಿನವರ ತಲೆ ಸೋರೆಕಾಯಿಯಾಗುತ್ತದೆ, ನಿಮ್ಮ ಹಾಸ್ಯ ಬಂದದ್ದು ಬಹುಶಃ ಅಲ್ಲಿಂದಲೇ. ಈ ಕೆಳಗಿನ ಕೋನವೂ ಒಂದೇ ದೃಶ್ಯಕ್ಕೆ. ಉಳಿದದ್ದೆಲ್ಲ ಕಣ್ಣಿನ ಮಟ್ಟದಲ್ಲಿರಲಿ. ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶ ನೋಡಿದವರಲ್ಲವೇ ನೀವು? ತೆರೆಯ ಮೇಲೆ ಕಿರೀಟದ ತುದಿ, ಅಂಚಿನಲ್ಲಿ ಬೆರಳು. ಮುಖ ಸಿಗಲು ಎಷ್ಟು ಹೊತ್ತು! ಮೊದಲ ಶಾಟ್‌ಗೇ ಇಡೀ ರಾವಣನನ್ನು ತೋರಿಸಿದರೆ ಆಮೇಲೆ ತೋರಿಸಲು ಎಂಥದುಂಟು ಮಾರಾಯ್ರೆ?

ಇನ್ನು ಸಭೆ. ಕೇನ್‌ನ ಸಭಾಂಗಣದಲ್ಲಿ ದೂರಕ್ಕೆ ಕಾಣುವ ಜನ ಬರೀ ಚಿತ್ರ. ಸಣ್ಣ ತೂತು ಚುಚ್ಚಿ ಹಿಂದೆ ಬೆಳಕು ಆಡಿಸಿದ್ದರಿಂದ ಮಿಸುಕಿದ ಹಾಗೆ ಕಾಣುತ್ತದೆ. ನಿಮಗೆ ಅಷ್ಟು ಕಷ್ಟ ಬೇಡ. ಫೋನನ್ನು ಸ್ಟ್ಯಾಂಡಿನಲ್ಲಿ ಬಿಗಿದು ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಸ್ಟೆಬಿಲೈಸೇಶನ್ ಬಂದ್ ಮಾಡಿ. 40 ಜನರನ್ನೂ ಎಡಕ್ಕೆ ಕೂರಿಸಿ 30 ಸೆಕೆಂಡ್ ತೆಗೆಯಿರಿ; ಹಾಗೆಯೇ ನಡುವೆ, ಬಲಕ್ಕೆ, ಹಿಂದಕ್ಕೆ. ಪ್ರತಿ ಸಲ ಅಂಗಿ, ಶಾಲು, ಪಕ್ಕದವರು ಬದಲಾಗಲಿ. ಎಡಿಟಿಂಗ್‌ನಲ್ಲಿ ನಾಲ್ಕನ್ನೂ ಹೊಲಿದರೆ 160 ತಲೆ. ಹೊಲಿಗೆ ಶಾಮಿಯಾನದ ಕಂಬದ ಮೇಲೋ ಕುರ್ಚಿ ಸಾಲುಗಳ ನಡುವಿನ ದಾರಿಯಲ್ಲೋ ಬರಬೇಕು. ಕೈಯಾಗಲಿ ನೆರಳಾಗಲಿ ಆ ಗೆರೆ ದಾಟಬಾರದು.

ಇದು ಕೆಡುವುದು ಹೆಚ್ಚಾಗಿ ಹೊತ್ತಿನಿಂದ. ಮುಸ್ಸಂಜೆಗೆ ಶುರು ಮಾಡಿದರೆ ನಾಲ್ಕನೆಯ ಸುತ್ತಿಗೆ ಬೆಳಕು ಇಳಿದಿರುತ್ತದೆ, ತೇಪೆ ಎದ್ದು ಕಾಣುತ್ತದೆ. ಪೂರ್ತಿ ಕತ್ತಲಾದ ಮೇಲೆ ಹ್ಯಾಲೊಜನ್ ದೀಪದಲ್ಲಿ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಫೋನು ತಾನಾಗಿ ಆರಿಸಿಕೊಂಡ 30 ಫ್ರೇಮ್‌ನಲ್ಲೇ ಬಿಟ್ಟರೆ ಅಗ್ಗದ ಎಲ್‌ಇಡಿಗಳು ಮಿಣುಕಿ ಇಡೀ ರಾತ್ರಿಯ ಕೆಲಸ ನೀರುಪಾಲು.

ಧ್ವನಿಯಲ್ಲಿ ಜಿಪುಣತನ ಬೇಡ. ಮಂಗಳೂರಿನ ನೆಹರೂ ಮೈದಾನದಂಥ ಬಯಲಿನಲ್ಲಿ ಭಾಷಣ ಒಂದೇ ಸಲ ಕೇಳಿಸುವುದಿಲ್ಲ, ದೂರದ ಹಾರ್ನ್ ಸ್ಪೀಕರ್ ಅದನ್ನೇ ತಡವಾಗಿ ಇನ್ನೊಮ್ಮೆ ಹೇಳುತ್ತದೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾರ್ನ್ 34 ಮೀಟರ್ ಹೆಚ್ಚು ದೂರ ಇದ್ದರೆ 0.1 ಸೆಕೆಂಡ್ ತಡ. ಭಾಷಣದ ಟ್ರ್ಯಾಕನ್ನು ಎರಡು ನಕಲು ಮಾಡಿ 0.1, 0.2 ಸೆಕೆಂಡ್ ತಡವಾಗಿ ಬರುವಂತೆ ಸರಿಸಿ, ದನಿ ಒಂದಕ್ಕಿಂತ ಒಂದು ಸಣ್ಣದು ಮಾಡಿ. ನಟ ವಾಕ್ಯಕ್ಕೊಮ್ಮೆ ನಿಲ್ಲಲಿ, ಇಲ್ಲವಾದರೆ ಮಾತೆಲ್ಲ ಗೊಜ್ಜು. ಜೈಕಾರವನ್ನು 3, 15, 40 ಮೀಟರ್ ದೂರದಿಂದ ಮೂರು ಸಲ ರೆಕಾರ್ಡ್ ಮಾಡಿ ಒಂದರ ಮೇಲೊಂದು ಹಾಕಿ.

ವೇದಿಕೆಯ ಹಿಂದೆ ನಿಮ್ಮವನ ಮುಖವಿರುವ ಫ್ಲೆಕ್ಸ್ ಮ್ಯಾಟ್ (ಹೊಳಪಿಲ್ಲದ್ದು) ಇರಲಿ, ಹೊಳೆಯುವುದಾದರೆ ಹ್ಯಾಲೊಜನ್‌ಗೆ ಮುಖವೇ ಮಾಸಿಹೋಗುತ್ತದೆ. ಶೂಟಿಂಗ್ ಮುಗಿದ ಮೇಲೆ ಅದನ್ನು ಮಡಚಿಡಿ. ಕೇನ್‌ನ ಪತ್ರಿಕೆಯವರು ಗೆದ್ದರೊಂದು, ಸೋತರೆ ‘ಮತದಾನದಲ್ಲಿ ಮೋಸ’ ಎಂದು ಇನ್ನೊಂದು ತಲೆಬರಹ ತಯಾರಿಟ್ಟು ಎರಡನೆಯದನ್ನೇ ಅಚ್ಚಿಗೆ ಕಳಿಸುತ್ತಾರೆ. ನಿಮ್ಮವನಿಗೆ ಪತ್ರಿಕೆಯಿಲ್ಲ, ಫ್ಲೆಕ್ಸ್ ಇದೆಯಲ್ಲ: ಮಳೆಗಾಲದಲ್ಲಿ ಯಾರದೋ ಕಟ್ಟಿಗೆ ರಾಶಿಯ ಮೇಲೆ ಅದೇ ಮುಖ, ಕೆನ್ನೆಯ ಗುಳಿಯಲ್ಲಿ ನಿಂತ ನೀರು. ಅದೊಂದು ಶಾಟನ್ನು ಮಾಡಿನ ಮೇಲಿನಿಂದ ತೆಗೆಯಿರಿ.